ಹವಾಯಿ ಚಪ್ಪಲಿಯ ಗೂಬೆ

ನಾನು ಮೀನು ತಿನ್ನುವುದಿಲ್ಲ. ಕೇಕಿನಲ್ಲಿ ಮೊಟ್ಟೆ ಇದೆ ಎಂದು ಯಾರಾದರೂ ಹೇಳಿಬಿಟ್ಟರೆ ಅದನ್ನೂ ಮುಟ್ಟುವುದಿಲ್ಲ. ಇಂಥ ನಾನು ನೆದರ್‌ಲ್ಯಾಂಡ್ಸ್‌ನಲ್ಲಿದ್ದ ವರ್ಷಗಳಲ್ಲಿ ಶನಿವಾರ ಬಂತೆಂದರೆ ಗಾಳ ಹೊತ್ತುಕೊಂಡು ಕೆರೆಗೆ ಹೋಗುತ್ತಿದ್ದೆ ಎಂದರೆ ಮೈಸೂರಿನ ನೆಂಟರು ಇವತ್ತಿಗೂ ನಂಬುವುದಿಲ್ಲ. ಅಲ್ಲಿನ ಡೀಮೆನ್ ಎಂಬ ಊರಿನಲ್ಲಿ ಒಂದೇ ಫ್ಲ್ಯಾಟಿನಲ್ಲಿ ತುಂಬಿಕೊಂಡಿದ್ದ ನನ್ನ ಸ್ನೇಹಿತರು ನಂಬಿದರು, ಆದರೆ ಸುಮ್ಮನೆ ಬಿಡಲಿಲ್ಲ. "ಹಿಡಿದು ಹಿಡಿದು ವಾಪಸ್ ಬಿಡೋದಾ? ಹೋಟ್ಲಿಗೆ ಹೋಗಿ ಮೆನು ಓದ್ಕೊಂಡು ಎದ್ದು ಬಂದಂಗಾಯ್ತಲ್ಲೋ," ಎಂದ ಒಬ್ಬ. ಆ ಮೇಲೆ ನಾನು ಅವರ ಮನೆಗೆ ಹೋದಾಗಲೆಲ್ಲ ಯಾರಾದರೊಬ್ಬರು ನನ್ನ ಕೈಗೆ ಒಂದು ಮೆನು ಕಾರ್ಡು ಕೊಡುತ್ತಿದ್ದರು.

ಈ ಹುಚ್ಚು ಹತ್ತಿಸಿದವರು ನಮ್ಮ ಆಫೀಸಿನ ಒಬ್ಬ ಡಚ್ ಹಿರಿಯ. ಜೂಟರ್‌ಮೀರ್ ಎಂಬ ಊರಿನ ಗಾಜಿನ ಕಟ್ಟಡದಲ್ಲಿ ನನ್ನ ಕೆಲಸವೆಂದರೆ, ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ಹಳೆಯ ಕಂಪ್ಯೂಟರ್ ಪ್ರೋಗ್ರಾಮುಗಳು ಎರಡು ಸಾವಿರದ ಇಸವಿ ಬಂದಾಗ ದಿಕ್ಕು ತಪ್ಪದಂತೆ ತಿದ್ದುವುದು. ಅವುಗಳನ್ನು ತಮ್ಮ ಯೌವನದಲ್ಲಿ ಬರೆದವರಲ್ಲಿ ಅವರೂ ಒಬ್ಬರು. "ನಾನು ಮಾಡಿದ ತಪ್ಪನ್ನು ಸರಿಮಾಡಲು ನಿನ್ನನ್ನು ಭಾರತದಿಂದ ಕರೆಸಿದ್ದಾರೆ, ಅದಕ್ಕೆ ನಾನು ನಿನಗೆ ಏನಾದರೂ ಕೊಡಬೇಕು," ಎಂದು ಒಂದು ದಿನ ನಗುತ್ತ ಹೇಳಿ, ಮುಂದಿನ ಶನಿವಾರ ಕಾರಿನಲ್ಲಿ ಕೂರಿಸಿಕೊಂಡು ಹೋದರು. ಅವರು ಕೊಟ್ಟದ್ದು ಒಂದು ಹಳೆಯ ಗಾಳದ ಕೋಲು, ಎದೆಮಟ್ಟದ ರಬ್ಬರ್ ಪ್ಯಾಂಟು, ಮತ್ತು ಆ ಕೆರೆ.

ಕೆರೆ ಸಮುದ್ರದ ಮಗ್ಗುಲಲ್ಲೇ ಇತ್ತು. ಒಂದು ಕಡೆ ಮರಳಿನ ದಿಬ್ಬಗಳು, ಇನ್ನೊಂದು ಕಡೆ ದೂರದಲ್ಲಿ ಬಂದರಿನ ಕ್ರೇನುಗಳು, ಹೊಗೆ ಬಿಡುವ ಚಿಮಣಿಗಳು. ನೋಡಲು ಅಂಥ ಚಂದವೇನಲ್ಲ. ಆದರೆ ಆ ನಿಂತ ನೀರಿನೊಳಗೆ ಸೊಂಟದವರೆಗೆ ಇಳಿದು ನಿಂತರೆ ವಾರವಿಡೀ ತಲೆಯಲ್ಲಿ ಕೂತಿದ್ದ ಅಂಕಿಗಳೆಲ್ಲ ಒಂದೊಂದಾಗಿ ಉದುರಿ ಹೋಗುತ್ತಿದ್ದವು. ಟ್ರೌಟ್ ಎಂಬ ಮೀನನ್ನು ಅಲ್ಲಿ ಸಾಕಿ ಬಿಟ್ಟಿದ್ದರು. ದಿನಕ್ಕೆ ಎರಡು ಮೀನು ಮನೆಗೆ ಒಯ್ಯಬಹುದು, ಉಳಿದದ್ದನ್ನು ನೀರಿಗೆ ಬಿಡಬೇಕು ಎಂಬುದು ನಿಯಮ. ನಾನು ನನ್ನ ಪಾಲಿನ ಎರಡನ್ನೂ ನೀರಿಗೇ ಬಿಡುತ್ತಿದ್ದೆ. ಹಿರಿಯರಿಗೆ ಇದು ಅರ್ಥವಾಗುತ್ತಿರಲಿಲ್ಲ, ಆದರೆ ಅವರು ಕೇಳಲೂ ಇಲ್ಲ.

ನನ್ನನ್ನು ಸೆಳೆದದ್ದು ಮೀನಿಗಿಂತ ಹೆಚ್ಚಾಗಿ ಗಾಳಕ್ಕೆ ಕಟ್ಟುವ ನೊಣಗಳು. ಹುಳು ಚುಚ್ಚುವಂತಿಲ್ಲ, ಮಾಂಸದ ಚೂರಿಲ್ಲ. ಕೊಕ್ಕೆಗೆ ಗರಿ, ದಾರ, ಉಣ್ಣೆ ಸುತ್ತಿ ಮಾಡಿದ ಸುಳ್ಳು ನೊಣ. ಒಂದೇ ದಾರಕ್ಕೆ ಅಂಥ ಮೂರನ್ನು ಕಟ್ಟುತ್ತಿದ್ದರು. ತುದಿಯದ್ದಕ್ಕೆ ಎರಡು ಗುಂಡು ಸ್ಪಂಜಿನ ಕಣ್ಣುಗಳಿರುತ್ತವೆ, ಅದು ಮುಳುಗುವುದಿಲ್ಲ. ಕೋಲಿನ ಕಡೆಯ ದಪ್ಪ ದಾರವೂ ತೇಲುತ್ತದೆ. ನಡುವಿನ ಎರಡು ಸಣ್ಣ ನೊಣಗಳು ಮಾತ್ರ ನೀರಿನ ಮೇಲ್ಪದರಕ್ಕಿಂತ ತುಸು ಕೆಳಗೆ ಜೋತುಬಿದ್ದಿರುತ್ತವೆ. ಇದಕ್ಕೆ ಅವರು 'ವಾಸ್‌ಲೈನ್' ಎನ್ನುತ್ತಿದ್ದರು. ಅಂದರೆ ಡಚ್‌ನಲ್ಲಿ ಬಟ್ಟೆ ಒಣಹಾಕುವ ಹಗ್ಗ. ಎರಡು ಕಂಬ, ನಡುವೆ ಕಾಲುಚೀಲ.

ತೇಲುವ ಆ ನೊಣಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರನ್ನು ಅತ್ತೆ ಮಾವನ ಎದುರು ಹೇಳುವಂತಿಲ್ಲ. ಹಾಗಾಗಿ ನಾನು ಅದರ ಉಬ್ಬುಗಣ್ಣು ನೋಡಿ ಗೂಬೆ ಎಂದು ಹೆಸರಿಟ್ಟೆ. ಅಂಗಡಿಯ ಸ್ಪಂಜಿಗಿಂತ ಚೆನ್ನಾಗಿ ತೇಲುವ ವಸ್ತುವೊಂದು ನಮ್ಮ ಮನೆಯಲ್ಲೇ ಇದೆ ಎಂದು ಒಂದು ಸಂಜೆ ಹೊಳೆಯಿತು. ನನ್ನ ಹೆಂಡತಿ ಮನೆಯೊಳಗೆ ಹಾಕಿಕೊಳ್ಳಲು ಮೈಸೂರಿನಿಂದ ತಂದಿದ್ದ ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಹಿಮ್ಮಡಿ ಸವೆದು ಮೂಲೆ ಸೇರಿತ್ತು. ನಾನು ಅದಕ್ಕೆ ಬ್ಲೇಡು ಹಾಕಿದ್ದನ್ನು ಕಂಡು ಅವಳು ಅಡುಗೆಮನೆಯಿಂದ ಓಡಿ ಬಂದಳು.

"ರೀ, ಚಪ್ಪಲಿನ ಮೀನಿನ ಬಾಯಿಗೆ ಹಾಕ್ತೀರಾ? ನನ್ನ ಕಾಲ್ದು!"

"ಅದಕ್ಕೇನು ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ," ಎಂದಳು. ಆದರೆ ನಾನು ಕತ್ತರಿಸಿದ ಗುಂಡು ಬೇಳೆಯಂತೆ ಚಪ್ಪಟೆಯಾದದ್ದನ್ನು ನೋಡಿ ತಡೆಯಲಾರದೆ, ಉಗುರು ಕತ್ತರಿ ತಂದು ತಾನೇ ಕೂತಳು. ಅವಳು ಮಾಡಿದ ಕಣ್ಣುಗಳು ಮೆಣಸಿನ ಕಾಳಿನಷ್ಟು ದುಂಡಗಿದ್ದವು. ಅಲ್ಲಿಂದ ಮುಂದೆ ನಮ್ಮ ಮನೆಯ ಗೂಬೆಗಳಿಗೆಲ್ಲ ಕಣ್ಣು ಕೊಟ್ಟವಳು ಅವಳೇ. ಶನಿವಾರ ಸಂಜೆ ಬಾಗಿಲು ತೆರೆದು ಅವಳು ಕೇಳುತ್ತಿದ್ದ ಮೊದಲ ಮಾತು, "ಎಲ್ಲ ಮನೆಗೆ ಹೋದ್ವಾ?" ಮನೆ ಎಂದರೆ ಕೆರೆ. ನಾನು "ಹೋದ್ವು" ಎಂದ ಮೇಲೆಯೇ ಒಳಗೆ ಬಿಡುತ್ತಿದ್ದಳು.

ಆ ಬೇಸಿಗೆಯಲ್ಲಿ ಅವಳು ಬಸುರಿಯಾದಳು. ಹಿಂದಿನ ವರ್ಷ ನಮ್ಮದೊಂದು ಮಗು ಹೊಟ್ಟೆಯಲ್ಲಿ ಮೂರನೆಯ ತಿಂಗಳಲ್ಲೇ ಹೋಗಿತ್ತು. ಅದರ ಬಗ್ಗೆ ನಾವಿಬ್ಬರೂ ಹೆಚ್ಚು ಮಾತಾಡಿರಲಿಲ್ಲ. ಅವಳು ಒಂದು ವಾರ ಮಲಗಿದ್ದಳು, ನಾನು ಒಂದು ವಾರ ಅಡುಗೆ ಮಾಡಿದೆ, ಆಮೇಲೆ ಇಬ್ಬರೂ ಅದನ್ನು ದಾಟಿಕೊಂಡು ಓಡಾಡಿದೆವು. ಹಾಗಾಗಿ ಈ ಸಲ ನಮಗೆ ಖುಷಿಗಿಂತ ಭಯವೇ ಹೆಚ್ಚಾಗಿತ್ತು.

ಪ್ರತಿ ಭಾನುವಾರ ಮೈಸೂರಿಗೆ ಫೋನು. ಅತ್ತೆಯ ಪಟ್ಟಿ ವಾರ ವಾರಕ್ಕೂ ಬೆಳೆಯುತ್ತಿತ್ತು. ಪರಂಗಿ ಹಣ್ಣು ತಿನ್ನಬೇಡ, ಭಾರ ಎತ್ತಬೇಡ, ಸಂಜೆ ಹೊತ್ತು ಕೂದಲು ಬಿಟ್ಟುಕೊಂಡು ಹೊರಗೆ ಹೋಗಬೇಡ. ಒಂದು ಭಾನುವಾರ ಅವಳು ಫೋನಿಟ್ಟು ಬಂದು ನನ್ನ ಎದುರು ಕೂತಳು.

"ಅಮ್ಮ ನಿಮಗೂ ಒಂದು ಹೇಳಿದಾರೆ. ಹೆಂಡ್ತಿ ಬಸುರಿ ಇರೋವಾಗ ಗಂಡ ಆದವನು ಜೀವ ತೆಗೀಬಾರ್ದಂತೆ. ಸೊಳ್ಳೆನೂ ಹೊಡೀಬಾರ್ದಂತೆ."

"ನಾನು ಬಿಟ್ಟೇ ಬಿಡ್ತೀನಲ್ಲೇ."

"ಗೊತ್ತು. ನಂಗೆ ಇದ್ರಲ್ಲೆಲ್ಲ ಅಂಥ ನಂಬಿಕೆ ಏನಿಲ್ಲ. ಆದ್ರೂ ಈ ಸಲ ಬೇಡ ರೀ. ಒಂದೂ ಬೇಡ."

ಆಯಿತು ಎಂದು ಅವಳ ಕೈ ಮುಟ್ಟಿ ಮಾತು ಕೊಟ್ಟೆ. ಅದೇ ಸಂಜೆ ನನ್ನ ಕೊಕ್ಕೆಗಳ ತುದಿಯಲ್ಲಿ ಹಿಂದಕ್ಕೆ ಬಾಗಿರುವ ಸಣ್ಣ ಮುಳ್ಳನ್ನೆಲ್ಲ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದೆ. ಮುಳ್ಳಿಲ್ಲದ ಕೊಕ್ಕೆ ತುಟಿಯಿಂದ ಸಲೀಸಾಗಿ ಬಿಡುತ್ತದೆ. ನಾನು ಇಂಥದ್ದನ್ನೆಲ್ಲ ನಂಬದ ಎಂಜಿನಿಯರು, ಆದರೂ ಒಂದು ಕೊಕ್ಕೆಯನ್ನೂ ಬಿಡದೆ ಒತ್ತಿದೆ.

ಅಕ್ಟೋಬರ್ ಬಂತು. ಅವಳಿಗೆ ಐದು ತಿಂಗಳು. ಚಳಿಗಾಳಿಗೆ ಮೀನುಗಳು ಮೇಲೆ ಬರುವುದನ್ನು ಬಿಟ್ಟು ತಳ ಹಿಡಿದಿದ್ದವು. ಹಿರಿಯರು ಬಟ್ಟೆ ಹಗ್ಗವನ್ನು ಬಿಚ್ಚಿಸಿ ಬೇರೆ ಕ್ರಮ ಹೇಳಿಕೊಟ್ಟರು. ಮುಳುಗುವ ದಾರ, ಅದರ ತುದಿಗೆ ಒಂದು ಗೂಬೆ. ದಾರ ಹೋಗಿ ತಳದಲ್ಲಿ ಮಲಗುತ್ತದೆ, ಗೂಬೆ ಅದರ ಮೇಲೆ ಮೊಳದೆತ್ತರದಲ್ಲಿ ತೇಲಿ ನಿಲ್ಲುತ್ತದೆ.

"ಮೆಲ್ಲಗೆ ಎಳೆಯುತ್ತಲೇ ಇರು, ನಿಲ್ಲಿಸಬೇಡ," ಎಂದು ಎರಡು ಸಲ ಹೇಳಿದರು. "ನೀನು ಬಿಡುವವನು, ಮರೆಯಬೇಡ." ಹೇಳಿ, ತಾವು ಇನ್ನೂರು ಹೆಜ್ಜೆ ಆಚೆ ಹೋಗಿ ನೀರಿಗಿಳಿದರು.

ಅವರು ಹೇಳಿದಂತೆ ಸ್ವಲ್ಪ ಹೊತ್ತು ಎಳೆದೆ. ಆಮೇಲೆ ನನ್ನ ಮೈಸೂರು ಬುದ್ಧಿ ಕೆಲಸ ಮಾಡಿತು. ಎಳೆಯುವುದೆಂದರೆ ಮೀನನ್ನು ಕೆಣಕಿದಂತೆ, ಆಸೆ ತೋರಿಸಿ ಓಡಿಸಿದಂತೆ. ಸುಮ್ಮನೆ ನಿಲ್ಲಿಸಿದರೆ ಬೇಕಾದ ಮೀನು ತಾನಾಗಿ ಬರುತ್ತದೆ, ಬೇಡದ್ದು ತನ್ನ ಪಾಡಿಗೆ ಹೋಗುತ್ತದೆ. ತಾನಾಗಿ ಬಂದರೆ ಅದರ ಕರ್ಮ, ಎಳೆದು ತಂದರೆ ನನ್ನ ಕರ್ಮ. ಹೆಂಡತಿ ಬಸುರಿಯಾಗಿರುವಾಗ ಎಳೆಯದಿರುವುದೇ ಮೇಲು. ಇಷ್ಟು ದೊಡ್ಡ ಧರ್ಮಸೂಕ್ಷ್ಮವನ್ನು ರಬ್ಬರ್ ಪ್ಯಾಂಟಿನಲ್ಲಿ ನಿಂತು ಕಂಡುಕೊಂಡ ಮೊದಲಿಗ ನಾನೇ ಇರಬೇಕು ಎಂದು ಹೆಮ್ಮೆಯೂ ಆಯಿತು. ದಾರವನ್ನು ಸಡಿಲ ಬಿಟ್ಟು, ಕೈ ಕಂಕುಳಲ್ಲಿಟ್ಟುಕೊಂಡು, ಚಿಮಣಿಗಳನ್ನು ನೋಡುತ್ತ ನಿಂತೆ.

ಎಷ್ಟು ಹೊತ್ತಾಯಿತೋ. ದಾರ ಪಕ್ಕಕ್ಕೆ ಸರಿಯುತ್ತಿರುವುದು ಕಂಡಿತು. ಎತ್ತಿದೆ. ಭಾರವಾಗಿತ್ತು, ಆದರೆ ಎಂದಿನ ಹಾಗೆ ಎಗರಾಡಲಿಲ್ಲ. ಹತ್ತಿರ ಬಂದ ಮೇಲೆ ಬಗ್ಗಿ ನೋಡಿದರೆ ತುಟಿಯಲ್ಲಿ ಕೊಕ್ಕೆ ಇರಲಿಲ್ಲ. ದಾರ ನೇರ ಬಾಯೊಳಗೆ ಇಳಿದು ಗಂಟಲಿಗೆ ಹೋಗಿತ್ತು. ನಿಂತ ನೊಣವನ್ನು ಮೀನು ನಿಧಾನವಾಗಿ ನುಂಗಿತ್ತು. ಎಳೆಯುತ್ತಿದ್ದರೆ ತುಟಿಗೇ ಸಿಕ್ಕುತ್ತಿತ್ತು. ನಿಲ್ಲಿಸಬೇಡ ಎಂದು ಅವರು ಹೇಳಿದ್ದು ಯಾಕೆಂದು ಆಗ ತಿಳಿಯಿತು.

ಕಿವಿರಿನಿಂದ ರಕ್ತ ಬರುತ್ತಿತ್ತು. ದಾರ ಕತ್ತರಿಸಿ, ಮೀನನ್ನು ಎರಡೂ ಕೈಯಲ್ಲಿ ನೀರೊಳಗೆ ನೆಟ್ಟಗೆ ಹಿಡಿದು ನಿಂತೆ. ಬಿಟ್ಟರೆ ಮಗ್ಗುಲಾಗುತ್ತಿತ್ತು. ಮತ್ತೆ ಹಿಡಿಯುತ್ತಿದ್ದೆ, ಮತ್ತೆ ಮಗ್ಗುಲಾಗುತ್ತಿತ್ತು. ಬೆರಳು ಮರಗಟ್ಟಿದವು. "ಹೋಗು, ಹೋಗು" ಎಂದು ಕನ್ನಡದಲ್ಲಿ ಗೋಗರೆದೆ. ಹಿರಿಯರು ನೀರು ಸೀಳಿಕೊಂಡು ಬಂದು ನೋಡಿದರು.

"ಇದು ಉಳಿಯುವುದಿಲ್ಲ. ನೋಯುತ್ತಿದೆ. ಮುಗಿಸು," ಎಂದು ಜೇಬಿನಿಂದ ಗೇಣುದ್ದದ ಮರದ ಕೋಲು ತೆಗೆದು ಚಾಚಿದರು. ಮೀನಿನ ತಲೆಗೆ ಹೊಡೆಯುವ ಕೋಲು. ಇಂಗ್ಲಿಷಿನವರು ಅದನ್ನು ಪಾದ್ರಿ ಎಂದು ಕರೆಯುತ್ತಾರೆ, ಸಾಯುವವರಿಗೆ ಕೊನೆಯ ಮಂತ್ರ ಹೇಳುವವನು ಅಂತ. ಅವರು ಹಿಂದೊಮ್ಮೆ ಇದನ್ನು ಹೇಳಿದಾಗ ನಾನು, ನಮ್ಮ ಮನೆತನದಲ್ಲೂ ಪುರೋಹಿತರೇ ಎಂದು ನಗಾಡಿದ್ದೆ.

"ನೀವೇ ಮಾಡಿ. ದಯವಿಟ್ಟು," ಎಂದೆ.

ಅವರು ಕೋಲನ್ನು ಚಾಚಿಯೇ ನಿಂತಿದ್ದರು. "ಮೀನು ನಿನ್ನದು," ಎಂದರು. ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ.

ಅವರ ಕೈಯಿಂದ ಸತ್ತರೆ ನನ್ನ ಮಾತು ಉಳಿಯುತ್ತಿತ್ತಲ್ಲ ಎಂಬ ಲೆಕ್ಕ ಆ ಹೊತ್ತಿನಲ್ಲೂ ನನ್ನ ತಲೆಯಲ್ಲಿ ಓಡುತ್ತಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮೀನಿನ ಬಾಯಿ ತೆರೆಯಿತು, ಮುಚ್ಚಿತು. ಕೋಲು ತೆಗೆದುಕೊಂಡೆ. ಎರಡು ಏಟು. ಮೈಯಲ್ಲಿ ಒಂದು ನಡುಕ ಹಾದುಹೋಗಿ ಅದು ಸುಮ್ಮನಾಯಿತು. ಹಾಳು ಮಾಡಬಾರದು ಎಂದು ಹೇಳಿ ಅವರು ಅದನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಸಂಜೆ ನನ್ನನ್ನು ಮನೆಯ ಮುಂದೆ ಇಳಿಸಿ ಹೋದರು.

ಬಾಗಿಲು ತೆರೆದಳು. "ಎಲ್ಲ ಮನೆಗೆ ಹೋದ್ವಾ?"

"ಹೋದ್ವು," ಎಂದೆ.

ಆಮೇಲಿನ ವಾರಗಳಲ್ಲಿ ನಾನು ಯಾರ ಮೇಲಾದರೂ ಗೂಬೆ ಕೂರಿಸಲು ನೋಡಿದೆ. ಸರಿಯಾಗಿ ಬಿಡಿಸಿ ಹೇಳದ ಹಿರಿಯರ ಮೇಲೆ, ಚಳಿಯ ಮೇಲೆ, ಅಷ್ಟು ಚೆನ್ನಾಗಿ ತೇಲಿದ ಚಪ್ಪಲಿಯ ಮೇಲೆ. ಯಾವುದರ ಮೇಲೂ ಕೂರಲಿಲ್ಲ, ತಿರುಗಿ ನನ್ನ ಹೆಗಲಿಗೇ ಬಂತು. ಕೆರೆಗೆ ಹೋಗುವುದನ್ನು ನಿಲ್ಲಿಸಿದೆ. ಚಳಿ ಎಂದೆ. ಅವಳು ಯಾಕೆಂದು ಕೇಳಲಿಲ್ಲ, ಗೂಬೆಗೆ ಕಣ್ಣು ಬೇಕೇ ಎಂದೂ ಕೇಳಲಿಲ್ಲ. ಅವಳಿಗೆ ಸುಸ್ತು ಎಂದುಕೊಂಡೆ. ಎಂಜಿನಿಯರನಿಗೆ ಭಯ ಬಂದರೆ ಅದಕ್ಕೆ ಮೇರೆಯೇ ಇರುವುದಿಲ್ಲ. ಅವಳು ಸೊಂಟ ಹಿಡಿದುಕೊಂಡರೆ ಆ ಮೀನು ನೆನಪಾಗುತ್ತಿತ್ತು. ಅವಳಿಗೆ ಊಟ ಸೇರದಿದ್ದರೆ ಆ ಮೀನು ನೆನಪಾಗುತ್ತಿತ್ತು.

ಅಡುಗೆಮನೆಯಲ್ಲಿ ಅವಳ ಹಠವೊಂದು ಹೊಸದಾಗಿ ಶುರುವಾಗಿತ್ತು. ನಮ್ಮ ಫ್ರಿಜ್ಜಿನ ತೀರ ಕೆಳಗಿನ ಡ್ರಾಯರು ಫ್ರೀಜರು, ನಾವು ಅದರಲ್ಲಿ ಇಡುತ್ತಿದ್ದುದು ಬಟಾಣಿ ಮತ್ತು ತೆಂಗಿನ ತುರಿ ಮಾತ್ರ. ಬಟಾಣಿ ಬೇಕಾದಾಗಲೆಲ್ಲ ಅವಳು ಗೋಡೆ ಹಿಡಿದು, ಉಸ್ಸೆಂದು ಮಂಡಿಯೂರಿ ತಾನೇ ತೆಗೆಯುತ್ತಿದ್ದಳು. ನಾನು ಎದ್ದರೆ, "ನೀವು ಕೂತ್ಕೊಳ್ಳಿ, ನಾನೇ ತರ್ತೀನಿ," ಎನ್ನುತ್ತಿದ್ದಳು. ಬಸುರಿಯರಿಗೆ ಇಂಥ ಹಠ ಇರುತ್ತದೆ ಎಂದು ಎಲ್ಲೋ ಕೇಳಿದ್ದೆ.

ಡಿಸೆಂಬರ್ ಮೊದಲ ವಾರ. ಅಂಗಡಿಗಳಲ್ಲಿ ಡಚ್ಚರ ಮಕ್ಕಳ ಹಬ್ಬಕ್ಕೆಂದು ಚಾಕೊಲೇಟಿನ ದೊಡ್ಡ ದೊಡ್ಡ ಅಕ್ಷರಗಳು ಬಂದಿದ್ದವು. ಅಲ್ಲಿ ಬಸುರಿಯರನ್ನು ನೋಡುವವಳು ಸೂಲಗಿತ್ತಿ, ಅವಳ ಬಳಿ ತೋರಿಸಿಕೊಳ್ಳುವ ದಿನ. ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಅವಳು ಎಲ್ಲೋ ನೋಡುತ್ತ, "ನಿನ್ನೆ ಸಂಜೆಯಿಂದ ಅಷ್ಟಾಗಿ ಒದೀತಿಲ್ಲ," ಎಂದಳು. ಅಷ್ಟೇ ಹೇಳಿದಳು.

ಒಳಗೆ ಹೋದ ಮೇಲೆ ಸುದ್ದಿ ಕೆಟ್ಟದಾಗಿದ್ದರೆ ನಾನು ಇದನ್ನು ಜೀವಮಾನವಿಡೀ ಹೇಳಲಾರೆ. ಒಳ್ಳೆಯದಾಗಿದ್ದರೆ, ಏನೂ ಆಗಲಿಲ್ಲವಲ್ಲ ಬಿಡು ಎಂದು ನನ್ನ ಬಾಯಿಯನ್ನು ನಾನೇ ಮುಚ್ಚಿಕೊಳ್ಳುತ್ತೇನೆ. ಹೇಳುವುದಿದ್ದರೆ ಬಸ್ಸು ಬರುವ ಮುಂಚೆ ಹೇಳಬೇಕು.

"ಅಕ್ಟೋಬರ್‌ನಲ್ಲಿ ಒಂದು ಮೀನು ಸತ್ತೋಯ್ತು ಕಣೇ. ಸತ್ತೋಯ್ತು ಅಲ್ಲ, ನಾನೇ ಹೊಡೆದೆ. ನಿನ್ನ ಹತ್ರ ಸುಳ್ಳು ಹೇಳ್ದೆ."

ಅವಳು ನನ್ನ ಕಡೆ ನೋಡಲಿಲ್ಲ. ಬಸ್ಸು ಬಂತು. ಕಿಟಕಿ ಪಕ್ಕ ಕೂತಳು, ನಾನು ಪಕ್ಕದಲ್ಲಿ ಕೂತೆ. ಮೂರು ಸ್ಟಾಪು ಕಳೆದ ಮೇಲೆ ತನ್ನ ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು. ಭಾರ ಎತ್ತಬೇಡ ಎಂದು ಅತ್ತೆ ಹೇಳಿದ್ದರು, ಅದಕ್ಕಿರಬೇಕು.

ಸೂಲಗಿತ್ತಿ ಹೊಟ್ಟೆಯ ಮೇಲೆ ಯಂತ್ರವಿಟ್ಟು ಅತ್ತ ಇತ್ತ ಸರಿಸಿದಳು. ಎದೆಬಡಿತ ಕೇಳಿತು, ಗಟ್ಟಿಯಾಗಿ, ಅವಸರದಲ್ಲಿ. ಮಗು ತಿರುಗಿ ಮಲಗಿದೆ, ಅದಕ್ಕೆ ಒದೆತ ತಿಳಿಯುತ್ತಿಲ್ಲ, ಎಲ್ಲ ಸರಿಯಾಗಿದೆ ಎಂದಳು. ನಾನು ಗೋಡೆಯ ಕಡೆ ತಿರುಗಿ ಅತ್ತೆ. ಹೆಂಡತಿ ಅಳಲಿಲ್ಲ. ಅಂಗಿ ಸರಿಮಾಡಿಕೊಂಡು, ಸೂಲಗಿತ್ತಿಗೆ ಡಚ್‌ನಲ್ಲಿ ಥ್ಯಾಂಕ್ಸ್ ಹೇಳಿ ಎದ್ದಳು.

ಮನೆಗೆ ಬಂದು ಕೋಟು ತೆಗೆದವಳೇ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. "ಉಪ್ಪಿಟ್ಟು ಮಾಡೋಣ. ಬಟಾಣಿ ತಗೊಳ್ಳಿ."

"ನಾನಾ?"

"ಹ್ಞೂಂ. ನೀವೇ."

ಮಂಡಿಯೂರಿ ಡ್ರಾಯರು ಎಳೆದೆ. ಬಟಾಣಿಯ ಪೊಟ್ಟಣ ಎತ್ತಿದೆ. ಅದರ ಕೆಳಗೆ ಡಚ್ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಎರಡು ಪ್ಲಾಸ್ಟಿಕ್ ಕವರು ಹಾಕಿ ಬಿಗಿದ ಉದ್ದನೆಯ ಗಂಟೊಂದು ಇತ್ತು. ಕವರಿನ ಮೇಲೆಯೇ ಮಾರ್ಕರ್ ಪೆನ್ನಿನಲ್ಲಿ ಎರಡು ಪದ. ಆಫೀಸಿನ ಕಾಗದಗಳಲ್ಲಿ ಎಷ್ಟೋ ಸಲ ಕಂಡ ಹಿರಿಯರ ಅಕ್ಷರ. 'ನಿನ್ನ ಮೀನು.'

"ನಿಮ್ಮ ಆಫೀಸಿನ ಹಿರಿಯರು ಅವತ್ತಿನ ಮುಂದಿನ ಶನಿವಾರ ಬಂದಿದ್ರು. ನೀವು ಡೀಮೆನ್‌ಗೆ ಹೋಗಿದ್ರಿ," ಎಂದಳು. "ಕೆಡದಂತೆ ಮೀನಿಗೆ ಹೊಗೆ ಹಾಕಿ ತಂದಿದೀನಿ, ಅವನು ಹಿಡಿದಿದ್ದು, ಅವನ ಮನೆಗೇ ಬರಬೇಕು, ತಿನ್ನದಿದ್ರೆ ಯಾರಿಗಾದ್ರೂ ಕೊಡಿ ಅಂದ್ರು. ನಾನು ಇಸ್ಕೊಂಡೆ. ಅವ್ರಿಗೆ ನಾನೇ ಹೇಳ್ತೀನಿ, ನೀವು ಏನೂ ಹೇಳ್ಬೇಡಿ ಅಂದೆ."

"ಮತ್ತೆ ನೀನು ಹೇಳ್ಲೇ ಇಲ್ಲ."

"ನೀವು ಹೇಳ್ತೀರೇನೋ ಅಂತ ಕಾದೆ."

ಮೈಸೂರಿನ ಮಡಿಯ ಮನೆಯಲ್ಲಿ ಬೆಳೆದವಳು ಮೀನಿನ ಗಂಟನ್ನು ಕೈಯಾರೆ ಇಸಿದುಕೊಂಡು, ತನ್ನ ಅಡುಗೆಮನೆಯಲ್ಲಿ ಆರು ವಾರ ಇಟ್ಟುಕೊಂಡಿದ್ದಳು. ಅದು ನನ್ನ ಕಣ್ಣಿಗೆ ಬಿದ್ದರೆ ನಾನು ಸಿಕ್ಕಿಬಿದ್ದು ಹೇಳಿದಂತಾಗುತ್ತದೆ, ನಾನಾಗಿ ಹೇಳಿದಂತಾಗುವುದಿಲ್ಲ ಎಂದು, ಪ್ರತಿ ಸಲ ಹೊಟ್ಟೆ ಹೊತ್ತು ಬಗ್ಗಿ ಬಟಾಣಿ ತೆಗೆದಿದ್ದಳು.

"ಭಯ ಆಗ್ಲಿಲ್ವಾ?" ಎಂದೆ.

"ಮೀನು ನೋಡಿದಾಗ ಆಗ್ಲಿಲ್ಲ. 'ಎಲ್ಲ ಹೋದ್ವು' ಅಂದಿದ್ರಲ್ಲ, ಅದು ನೆನಪಾದಾಗ ಆಯ್ತು. ಹೋದ ವರ್ಷದ್ದೂ ನಾವು ಹೀಗೇ ಮುಚ್ಚಿಟ್ವಲ್ಲ ರೀ." ಆಗ ಅವಳು ಅತ್ತಳು. ನಾನು ಗಂಟು ಹಿಡಿದುಕೊಂಡೇ ನೆಲದ ಮೇಲೆ ಕೂತಿದ್ದೆ. ಹೋದ ಮಗುವಿನ ಬಗ್ಗೆ ನಾವು ಮೊದಲ ಸಲ ಮಾತಾಡಿದ್ದು ಅವತ್ತು, ಆ ಮೀನಿನ ಎದುರು. ಉಪ್ಪಿಟ್ಟು ಆಗಲೇ ಇಲ್ಲ. ಸಂಜೆ ಗಂಟನ್ನು ಮೇಲಿನ ಮಹಡಿಯ ಮಂಗಳೂರಿನವರಿಗೆ ಕೊಟ್ಟು ಬಂದೆ. ಆ ಮನೆಯಾಕೆ ಮೂಸಿ ನೋಡಿ, ಒಳ್ಳೆಯ ಮೀನು ಮಾರಾಯ್ರೆ, ನಿಮಗೆ ಎಲ್ಲಿ ಸಿಕ್ಕಿತು ಎಂದು ಕೇಳಿದರು. ನಾನೇ ಹಿಡಿದದ್ದು ಎಂದೆ.

ಫೆಬ್ರವರಿಯಲ್ಲಿ ಮಗಳು ಹುಟ್ಟಿದಳು. ಮೇ ತಿಂಗಳ ಒಂದು ಶನಿವಾರ ಹೆಂಡತಿಯೇ ಮೂಲೆಯಿಂದ ಗಾಳದ ಕೋಲು ತಂದು ಕೊಟ್ಟಳು. ಹಿರಿಯರ ಕಾರು ಕೆಳಗೆ ನಿಂತಿತ್ತು. ನೀರು ಬೆಚ್ಚಗಾಗಿ ಮೀನುಗಳು ಮೇಲೆ ಬಂದಿದ್ದವು, ಮತ್ತೆ ಬಟ್ಟೆ ಹಗ್ಗ ಕಟ್ಟಿದೆ. ಮೆಲ್ಲಗೆ ಎಳೆಯುತ್ತಲೇ ಇದ್ದೆ, ಒಮ್ಮೆಯೂ ನಿಲ್ಲಿಸಲಿಲ್ಲ. ಮೂರು ಮೀನು ಬಂದವು. ಎರಡು ತುಟಿಗೆ ಸಿಕ್ಕು, ಕೈಯಿಂದ ಜಾರಿ ಹೋದವು. ಮೂರನೆಯದಕ್ಕೆ ನಡುವಿನ ನೊಣ ಕಿವಿರಿಗೆ ಸಿಕ್ಕಿಕೊಂಡಿತ್ತು. ಸ್ವಲ್ಪ ಹೊತ್ತು ಹಿಡಿದು ನೋಡಿದೆ, ರಕ್ತ ನಿಲ್ಲಲಿಲ್ಲ, ಮಗ್ಗುಲಾಗುತ್ತಲೇ ಇತ್ತು. ಆಮೇಲೆ ಹಿರಿಯರ ಹತ್ತಿರ ಹೋಗಿ ಆ ಗೇಣುದ್ದದ ಕೋಲು ಕೇಳಿ ಇಸಿದುಕೊಂಡೆ.

ಸಂಜೆ ಬಾಗಿಲು ತೆರೆದಳು. ಮಗು ಅವಳ ಹೆಗಲ ಮೇಲಿತ್ತು.

"ಎಲ್ಲ ಮನೆಗೆ ಹೋದ್ವಾ?"

"ಇಲ್ಲ. ಒಂದು ಹೋಗ್ಲಿಲ್ಲ. ನಾನೇ ಕೊಂದೆ."

ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಸರಿ, ಕೈ ತೊಳ್ಕೊಂಡು ಬನ್ನಿ. ಇವಳನ್ನ ಎತ್ಕೊಳ್ಳಿ, ನಾನು ಅನ್ನಕ್ಕಿಡ್ತೀನಿ."